ಕಾವೇರಿಯ ನೀರಿನಲ್ಲಿ ಮಾರ್ಜಕಗಳ ವಿಘಟನಶೇಷ: ಅದನ್ನು ಅಳೆಯುವ ಕ್ರಮ

ಕಾವೇರೀ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಪಿಲೆಯನ್ನು ಕೂಡಿಕೊಂಡು, ತಲಕಾಡಿನ ಮರಳುಗುಡ್ಡೆಗಳನ್ನು ಬಳಸಿ, ಶಿವನಸಮುದ್ರದ ನಡುಗಡ್ಡೆಯನ್ನು ಮುಟ್ಟಿದೊಡನೆ ಎರಡು ಕವಲಾಗಿ ಒಡೆಯುತ್ತದೆ. ಪಡುವಣ ಕವಲು ಮಳವಳ್ಳಿಯ ಕಡೆಗೆ ಗಗನಚುಕ್ಕಿಯಾಗಿಯೂ ಮೂಡಣ ಕವಲು ಕೊಳ್ಳೇಗಾಲದ ಕಡೆಗೆ ಭರಚುಕ್ಕಿಯಾಗಿಯೂ ಧುಮುಕಿ, ಕೆಳಗಿನ ಕಣಿವೆಯಲ್ಲಿ ಮತ್ತೆ ಒಂದಾಗುತ್ತವೆ. ಮಳೆಗಾಲದಲ್ಲಿ ಈ ಎರಡು ಚುಕ್ಕಿಗಳ ಬುಡದಲ್ಲಿ ಏಳುವ ನೊರೆಯನ್ನು ಕಂಡವರು, ಇದು ಮೇಲಣ ಊರುಗಳ ಸಾಬೂನಿನ ನೊರೆಯೇ ಎಂದು ಕೇಳುವುದುಂಟು. ಕೇಳತಕ್ಕ ಪ್ರಶ್ನೆಯೇ ಸರಿ. ಆದರೆ ನೊರೆಯನ್ನು ನೋಡಿ ಅದಕ್ಕೆ ಉತ್ತರ ಹೇಳುವುದಕ್ಕಾಗುವುದಿಲ್ಲ. ಕೊಳೆತ ಎಲೆಗಳಿಂದಲೂ ಪಾಚಿಯಿಂದಲೂ ಇಳಿದು ಬರುವ ಅಲ್ಪಸ್ವಲ್ಪ ಜೈವಿಕ ದ್ರವ್ಯವು ನೀರಿನಲ್ಲಿದ್ದು, ಆ ನೀರು ಎತ್ತರದಿಂದ ಬಿದ್ದು ಗಾಳಿಯೊಡನೆ ಕಡೆಯಲ್ಪಟ್ಟರೆ, ಮಾರ್ಜಕದ ಹನಿಯೊಂದೂ ಇಲ್ಲದೆಯೇ ನೊರೆ ಹುಟ್ಟುತ್ತದೆ. ಆದಕಾರಣ ನೊರೆಯಿರುವುದು ಮಾಲಿನ್ಯಕ್ಕೆ ಸಾಕ್ಷಿಯಲ್ಲ. ಇದಕ್ಕಿಂತ ಹೆಚ್ಚು ಮುಖ್ಯವಾದ ಮಾತೊಂದುಂಟು: ನೊರೆಯಿಲ್ಲದಿರುವುದು ಶುದ್ಧತೆಗೂ ಸಾಕ್ಷಿಯಲ್ಲ. ಈ ಎರಡನೆಯ ಮಾತನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶವು.

ಶಿವನಸಮುದ್ರವನ್ನೇ ಉದಾಹರಣೆಗಾಗಿ ಆರಿಸಿಕೊಂಡುದಕ್ಕೆ ಕಾರಣವಿದೆ. ೧೯೦೨ರಲ್ಲಿ ಇಲ್ಲಿಯ ವಿದ್ಯುದಾಗಾರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದ ವೃತ್ತಾಂತವು ಎಲ್ಲರಿಗೂ ತಿಳಿದಿದೆ. ಆದರೆ ೧೯೭೪ರಿಂದ ಈ ಸ್ಥಳದಿಂದ ಬೆಂಗಳೂರಿಗೆ ಹೋಗುತ್ತಿರುವುದು ವಿದ್ಯುತ್ತು ಮಾತ್ರವಲ್ಲ, ಕುಡಿಯುವ ನೀರು ಸಹ. ಶಿವ ಅಣೆಕಟ್ಟೆಯ ಬಳಿ ನದಿಯಿಂದ ತಿರುಗಿಸಿದ ನೀರು ನೆಟ್ಕಲ್ ಜಲಾಶಯದ ಮೂಲಕ ತೊರೆಕಾಡನಹಳ್ಳಿಗೆ ಬಂದು, ಅಲ್ಲಿ ಶುದ್ಧೀಕರಿಸಲ್ಪಟ್ಟು, ಮೂರು ಹಂತಗಳಲ್ಲಿ ಸುಮಾರು ೫೦೦ ಮೀಟರ್ ಎತ್ತರಕ್ಕೆ ಏರಿ, ಸುಮಾರು ೧೦೦ ಕಿಲೋಮೀಟರ್ ದೂರದ ನಗರವನ್ನು ಸೇರುತ್ತದೆ. ೨೦೧೨ರಲ್ಲಿ ಮುಗಿದ ನಾಲ್ಕನೆಯ ಘಟ್ಟದ ಎರಡನೆಯ ಹಂತವೊಂದೇ ದಿನಕ್ಕೆ ೫೦ ಕೋಟಿ ಲೀಟರುಗಳದು. ೨೦೨೪ರ ಅಕ್ಟೋಬರಿನಲ್ಲಿ ಆರಂಭವಾದ ಐದನೆಯ ಘಟ್ಟವು ೭೭ ಕೋಟಿ ೫೦ ಲಕ್ಷ ಲೀಟರುಗಳದು. ಹೀಗೆ ಮೇಲಕ್ಕೆ ಹೋದ ನೀರಿನಲ್ಲಿ ಒಂದು ಭಾಗವು ಬಟ್ಟೆ ಒಗೆದು, ಪಾತ್ರೆ ತೊಳೆದು, ಕೊಳಚೆಯಾಗಿ ವೃಷಭಾವತಿಯಲ್ಲಿ ಇಳಿದು, ಅರ್ಕಾವತಿಯನ್ನು ಕೂಡಿ, ಸಂಗಮದಲ್ಲಿ ಮರಳಿ ಕಾವೇರಿಯನ್ನೇ ಸೇರುತ್ತದೆ. ಸಂಗಮವು ಶಿವನಸಮುದ್ರಕ್ಕೆ ಕೆಳಗಿರುವುದರಿಂದ ಒಂದೇ ನದಿಯ ಮೇಲೆ, ನಗರವು ನೀರನ್ನು ಪಡೆಯುವ ಸ್ಥಳವೂ ಹಿಂದಿರುಗಿಸುವ ಸ್ಥಳವೂ ಅನುಕ್ರಮವಾಗಿ ಸಿಕ್ಕುತ್ತವೆ. ಮಾರ್ಜಕಗಳ ಅವಶೇಷವನ್ನು ಅಳೆದು ಹೋಲಿಸಿ ನೋಡಬೇಕೆನ್ನುವವನಿಗೆ ಇದಕ್ಕಿಂತ ಅನುಕೂಲವಾದ ಏರ್ಪಾಡನ್ನು ಕಲ್ಪಿಸುವುದು ಕಷ್ಟ. ಮೇಲಿನ ಸ್ಥಳವು ನಿಷ್ಕಲಂಕವೆಂದು ಭಾವಿಸಲೂ ಆಗದು. ಮೈಸೂರು, ಶ್ರೀರಂಗಪಟ್ಟಣ, ನಂಜನಗೂಡು ಮೊದಲಾದ ಊರುಗಳ ಬಳಕೆಯ ನೀರು ಇಳಿಯುವ ಜಲಾನಯನವೂ ಇದರ ಮೇಲೆಯೇ ಇದೆ.

ಮಾರ್ಜಕವೆಂಬುದು ಹೊಸ ಪದಾರ್ಥವೇನೂ ಅಲ್ಲ. ಅಂಟುವಾಳದ ಕಾಯಿ, ಸೀಗೆಪುಡಿ, ಮಡಿವಾಳರು ಉಬ್ಬೆ ಹಾಕುವಾಗ ಬಳಸುತ್ತಿದ್ದ ಚೌಳುಮಣ್ಣು, ಇವೆಲ್ಲವೂ ನಮ್ಮ ಹಿರಿಯರಿಗೆ ಪರಿಚಿತವಾಗಿದ್ದವು. ಇವುಗಳಲ್ಲಿ ಅಂಟುವಾಳ ಸೀಗೆಗಳೂ, ಸಾಬೂನೂ, ಈಗಿನ ಕೃತಕ ಮಾರ್ಜಕಗಳೂ ಕೆಲಸ ಮಾಡುವ ರೀತಿ ಒಂದೇ. ಅವುಗಳ ಅಣುವಿನ ಒಂದು ತುದಿ ನೀರನ್ನು ಬಯಸುತ್ತದೆ, ಇನ್ನೊಂದು ತುದಿ ಜಿಡ್ಡನ್ನು ಬಯಸುತ್ತದೆ. ಅಣುವು ಎರಡರ ನಡುವೆ ನಿಂತು ಜಿಡ್ಡನ್ನು ಬಟ್ಟೆಯಿಂದ ಬಿಡಿಸಿ ನೀರಿಗೆ ಒಪ್ಪಿಸುತ್ತದೆ. ನೀರಿಗೂ ಗಾಳಿಗೂ ನಡುವಣ ಮೇಲ್ಮೈಯಲ್ಲಿ ಇವೇ ಅಣುಗಳು ಸಾಲುಗಟ್ಟಿ ನಿಂತಾಗ ನೊರೆಯು ಬಾಳುತ್ತದೆ. ವ್ಯತ್ಯಾಸವಿರುವುದು ಆಮೇಲಿನ ಗತಿಯಲ್ಲಿ. ಸಾಬೂನು ಗಡಸುನೀರಿನ ಸುಣ್ಣದೊಡನೆ ಸೇರಿ ಒಡೆದು ನಿಲ್ಲುತ್ತದೆ. ಅದರ ಕೊಬ್ಬಿನ ಆಮ್ಲವನ್ನು ಸೂಕ್ಷ್ಮಾಣುಜೀವಿಗಳು ಆಹಾರವಾಗಿ ಮುಗಿಸಿಬಿಡುತ್ತವೆ. ಕೃತಕ ಮಾರ್ಜಕಗಳಲ್ಲಿ ಎಲ್ಲಕ್ಕೂ ಈ ಸದ್ಗತಿಯಿಲ್ಲ.

ಎರಡನೆಯ ಮಹಾಯುದ್ಧದ ನಂತರ ಹರಡಿದ ಮೊದಲಿನ ಕೃತಕ ಮಾರ್ಜಕಗಳ ಜಿಡ್ಡಿನ ತುದಿಯು ಕವಲು ಕವಲಾದ ಇಂಗಾಲದ ಸರಪಳಿಯಾಗಿತ್ತು. ಸೂಕ್ಷ್ಮಾಣುಗಳಿಗೆ ಅದನ್ನು ಕಡಿಯುವುದು ಸಾಧ್ಯವಾಗದೆ, ಯೂರೋಪು ಅಮೆರಿಕಗಳ ನದಿಗಳು ನೊರೆಯಿಂದ ತುಂಬಿಹೋದವು. ೧೯೬೦ರ ದಶಕದ ನಡುವಿನಲ್ಲಿ ಆ ದೇಶಗಳು ಕವಲಿಲ್ಲದ ನೇರ ಸರಪಳಿಯ ಮಾರ್ಜಕಕ್ಕೆ ತಿರುಗಿದವು; ನೊರೆಯೂ ಅಡಗಿತು. ಆ ವಿಷಯವು ಅಲ್ಲಿಗೇ ಮುಗಿಯಿತೆಂದು ಬಹು ಜನರು ತಿಳಿದರು. ಆದರೆ ಅದೇ ಕಾಲದಲ್ಲಿ ಇನ್ನೊಂದು ಕುಲದ ಮಾರ್ಜಕಗಳು ಕೈಗಾರಿಕೆಗಳಲ್ಲಿ ಬೇರೂರಿಕೊಂಡಿದ್ದವು. ನೋನೈಲ್‌ಫೀನಾಲ್ ಎಂಬ ಪದಾರ್ಥಕ್ಕೆ ಎಥಿಲೀನ್ ಆಕ್ಸೈಡಿನ ಕೊಂಡಿಗಳನ್ನು ಒಂದರ ಹಿಂದೆ ಒಂದಾಗಿ, ಸಾಮಾನ್ಯವಾಗಿ ಒಂಬತ್ತು ಹತ್ತರಷ್ಟು, ಪೋಣಿಸಿ ಇವನ್ನು ಮಾಡುತ್ತಾರೆ. ಇವಕ್ಕೆ ನೋನೈಲ್‌ಫೀನಾಲ್ ಎಥಾಕ್ಸಿಲೇಟುಗಳೆಂದು ಹೆಸರು. ವಿದ್ಯುದಂಶವಿಲ್ಲದ ಮಾರ್ಜಕಗಳಾದುದರಿಂದ ಇವುಗಳಿಗೆ ಗಡಸುನೀರಿನ ಭಯವಿಲ್ಲ. ನೂಲು ಬಟ್ಟೆಗಳನ್ನು ತೊಳೆಯುವ ಮತ್ತು ಬಣ್ಣ ಹಾಕುವ ಕಾರ್ಖಾನೆಗಳಲ್ಲಿಯೂ, ಬಣ್ಣ ಕಾಗದ ಚರ್ಮಗಳ ಉದ್ಯಮಗಳಲ್ಲಿಯೂ, ಗದ್ದೆ ತೋಟಗಳಿಗೆ ಹೊಡೆಯುವ ಕೀಟನಾಶಕಗಳು ಎಲೆಯ ಮೇಲೆ ಹರಡಿ ಅಂಟಲೆಂದೂ ಇವು ಉಪಯೋಗಕ್ಕೆ ಬಂದವು.

ಈ ಮಾರ್ಜಕವು ಕೊಳಚೆಯನ್ನು ಸೇರಿದ ಮೇಲೆ ನಡೆಯುವುದು ಹೀಗೆ. ಸೂಕ್ಷ್ಮಾಣುಗಳು ಅದನ್ನು ನೀರಿನ ತುದಿಯಿಂದ ಮೆಲ್ಲತೊಡಗಿ, ಕೊಂಡಿಗಳನ್ನು ಒಂದೊಂದಾಗಿ ಕಳಚುತ್ತವೆ. ಒಂದು ಕೊಂಡಿ ಕಳಚಿದಂತೆಲ್ಲ ಅಣುವಿನ ಭಾರವು ೪೪ ಮಾನಗಳಷ್ಟು ಇಳಿಯುತ್ತದೆ. ನೀರಿನ ಮೇಲಣ ಪ್ರೀತಿಯೂ ಅದರೊಡನೆ ಇಳಿಯುತ್ತದೆ. ಕೊಂಡಿಗಳು ಎರಡಕ್ಕೆ, ಒಂದಕ್ಕೆ ಬಂದಾಗ ನೊರೆ ಕಟ್ಟುವ ಗುಣವು ಹೆಚ್ಚು ಕಡಿಮೆ ಹೋಗಿಬಿಟ್ಟಿರುತ್ತದೆ. ಗಾಳಿಯಾಡುವ ನೀರಿನಲ್ಲಾದರೆ ಉಳಿದ ತುದಿಯು ಆಮ್ಲವಾಗಿ ಮಾರ್ಪಡಬಹುದು. ಗಾಳಿಯಿಲ್ಲದ ಕೆಸರಿನಲ್ಲಾದರೆ ಕೊನೆಯ ಕೊಂಡಿಯೂ ಕಳಚಿ, ಮೊದಲಿನ ನೋನೈಲ್‌ಫೀನಾಲ್ ಬೆತ್ತಲೆಯಾಗಿ ನಿಲ್ಲುತ್ತದೆ. ಮುಂದೆ ಸೂಕ್ಷ್ಮಾಣುಗಳ ಹಲ್ಲು ಅದಕ್ಕೆ ಸುಲಭವಾಗಿ ತಾಗುವುದಿಲ್ಲ. ಏಕೆಂದರೆ ಒಂಬತ್ತು ಇಂಗಾಲಗಳ ಆ ಬಾಲವು ಪುನಃ ಕವಲೊಡೆದದ್ದೇ. ಸ್ವಿಟ್ಜರ್ಲೆಂಡಿನ ವಾಲ್ಟರ್ ಗೀಗರ್ ಮತ್ತು ಅವರ ಸಂಗಡಿಗರು ೧೯೮೪ರಲ್ಲಿ, ಗಾಳಿಯಿಲ್ಲದೆ ಹುಳಿಸಿದ ಕೊಳಚೆಯ ರೊಚ್ಚನ್ನು ಪೃಥಕ್ಕರಿಸಿ ನೋಡಿ, ಒಂದು ಕಿಲೋಗ್ರಾಮ್ ಒಣ ರೊಚ್ಚಿನಲ್ಲಿ ಸುಮಾರು ಒಂದು ಗ್ರಾಮಿನ ಆಚೀಚೆ ನೋನೈಲ್‌ಫೀನಾಲ್ ಇರುವುದನ್ನು ಪ್ರಕಟಿಸಿದರು. ಶುದ್ಧೀಕರಣವೆಂದು ನಾವು ಕರೆಯುವ ಕ್ರಿಯೆಯೇ ನೊರೆಯುಳ್ಳ ನಿರಪಾಯದ ಪದಾರ್ಥವನ್ನು ನೊರೆಯಿಲ್ಲದ ಅಪಾಯದ ಪದಾರ್ಥವನ್ನಾಗಿ ಮಾರ್ಪಡಿಸುತ್ತಿತ್ತು. ಮಾರ್ಜಕಗಳ ಇತಿಹಾಸದಲ್ಲಿ ಇದರಷ್ಟು ಕಣ್ಣು ತೆರೆಸಿದ ಸಂಗತಿ ಬೇರೊಂದಿಲ್ಲವೆಂದು ನಮ್ಮ ಅಭಿಪ್ರಾಯ.

ನಮ್ಮಲ್ಲಿಯೂ ಗಾಳಿಯಿಲ್ಲದ ಕೆಸರಿಗೆ ಕೊರತೆಯಿಲ್ಲ. ೨೦೧೫ರಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ ಸುದ್ದಿಯು ದೇಶಾಂತರಗಳಿಗೂ ಹೋಯಿತು. ಆ ಕೆರೆಯನ್ನು ಪರೀಕ್ಷಿಸಿದ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು, ಮಾರ್ಜಕಗಳಲ್ಲಿ ಒಂದು ಭಾಗವು ರೊಚ್ಚಿಗೆ ಅಂಟಿ ತಳದಲ್ಲಿ ಶೇಖರವಾಗುವುದೆಂದೂ, ದೊಡ್ಡ ಮಳೆ ಬಿದ್ದಾಗ ಆ ತಳವು ಕದಡಿ ನೊರೆಯಾಗಿ ಮೇಲೇಳುವುದೆಂದೂ ತೋರಿಸಿದ್ದಾರೆ. ಬೆಳ್ಳಂದೂರಿನ ನೀರು ಕಾವೇರಿಗೆ ಹೋಗದೆ ದಕ್ಷಿಣ ಪಿನಾಕಿನಿಗೆ ಹೋಗುತ್ತದೆಂಬುದು ನಿಜ. ಆದರೆ ತಳದ ರೊಚ್ಚು ಮಾರ್ಜಕಕ್ಕೆ ಉಗ್ರಾಣವಾಗುವ ಈ ರೀತಿಯು ವೃಷಭಾವತಿಯ ಕಣಿವೆಗೂ ಸಲ್ಲತಕ್ಕದ್ದೇ.

ಈ ಶೇಷದಿಂದ ಅಪಾಯವೇನು? ಅಮೆರಿಕದ ಬಾಸ್ಟನ್ ನಗರದಲ್ಲಿ ಆನಾ ಸೋಟೊ ಮತ್ತು ಕಾರ್ಲೋಸ್ ಸೋನೆನ್‌ಶೈನ್ ಎಂಬ ವಿದ್ವಾಂಸರು ಸ್ತನದ ಕ್ಯಾನ್ಸರಿನ ಜೀವಕೋಶಗಳ ಮೇಲೆ ಪ್ರಯೋಗ ನಡೆಸುತ್ತಿದ್ದರು. ಈಸ್ಟ್ರೋಜನ್ ಎಂಬ ಸ್ತ್ರೀಹಾರ್ಮೋನು ಇದ್ದಲ್ಲಿ ಮಾತ್ರ ಆ ಕೋಶಗಳು ವೃದ್ಧಿಯಾಗತಕ್ಕವು. ಒಮ್ಮೆ, ಹಾರ್ಮೋನನ್ನು ಹಾಕದ ಪಾತ್ರೆಗಳಲ್ಲಿಯೂ ಅವು ವೃದ್ಧಿಯಾಗತೊಡಗಿದವು. ಬಹಳ ಹುಡುಕಿದ ಮೇಲೆ ದೋಷವು ತಾವು ಬಳಸುತ್ತಿದ್ದ ಪ್ಲಾಸ್ಟಿಕ್ ನಳಿಕೆಗಳಲ್ಲಿದೆಯೆಂದು ಗೊತ್ತಾಯಿತು. ನಳಿಕೆಯ ಪ್ಲಾಸ್ಟಿಕ್ಕಿನಿಂದ ನೋನೈಲ್‌ಫೀನಾಲ್ ಒಸರುತ್ತಿತ್ತು. ಇದು ೧೯೯೧ರಲ್ಲಿ ಪ್ರಕಟವಾಯಿತು. ನಿಜವಾದ ಹಾರ್ಮೋನಿಗೆ ಹೋಲಿಸಿದರೆ ಇದರ ಶಕ್ತಿ ಸಾವಿರಾರು ಪಾಲು ಕಡಮೆ. ಆದರೆ ಮೀನು ಹಗಲಿರುಳು ಅದೇ ನೀರಿನಲ್ಲಿರುವ ಪ್ರಾಣಿ. ಆ ಪದಾರ್ಥವೋ ಕೊಬ್ಬಿನಲ್ಲಿ ಕೂಡಿಕೊಳ್ಳುವಂಥದು. ಹೆಣ್ಣು ಮೀನಿನ ಯಕೃತ್ತಿನಲ್ಲಿ ಮಾತ್ರ ಹುಟ್ಟತಕ್ಕ ಮೊಟ್ಟೆಯ ಪ್ರೋಟೀನು ಗಂಡು ಮೀನಿನ ರಕ್ತದಲ್ಲಿಯೂ ಕಾಣಿಸಿಕೊಳ್ಳುವುದನ್ನು ಇಂಗ್ಲೆಂಡಿನ ನದಿಗಳಲ್ಲಿ, ಮುಖ್ಯವಾಗಿ ಉಣ್ಣೆ ತೊಳೆಯುವ ಕಾರ್ಖಾನೆಗಳಿದ್ದ ಏರ್ ನದಿಯಲ್ಲಿ, ೧೯೯೦ರ ದಶಕದಲ್ಲಿ ಕಂಡುಕೊಂಡರು. ಶಿವನಸಮುದ್ರದ ಕೆಳಗೆ ಭೀಮೇಶ್ವರಿಯ ಮಡುಗಳಲ್ಲಿ, ಕಾವೇರಿಯ ಜಲಾನಯನವನ್ನು ಬಿಟ್ಟು ಜಗತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ, ಗೂನುಬೆನ್ನಿನ ಮಹಶೀರ್ ಎಂಬ ಮೀನಿನ ಜಾತಿಯು ಅಳಿವಿನ ಅಂಚಿನಲ್ಲಿ ಬದುಕಿದೆ. ಅದರ ಸಂತಾನದ ಮೇಲೆ ಯಾವ ಯಾವ ಭಾರಗಳು ಬಿದ್ದಿವೆಯೆಂದು ಲೆಕ್ಕ ಹಾಕುವವರು ಈ ಅಂಶವನ್ನು ಊಹೆಯಿಂದ ಸೇರಿಸುವುದೂ ಸಲ್ಲದು, ಅಳೆಯದೆ ಬಿಡುವುದೂ ಸಲ್ಲದು.

ಹಾಗಾದರೆ ಅಳತೆಯ ವಿಷಯಕ್ಕೆ ಬರೋಣ. ಭಾರತೀಯ ಮಾನಕ ಬ್ಯೂರೋ ೨೦೧೨ರಲ್ಲಿ ಹೊರಡಿಸಿದ ಕುಡಿಯುವ ನೀರಿನ ಮಾನಕ ೧೦೫೦೦ರಲ್ಲಿ ನಮ್ಮ ವಿಷಯಕ್ಕೆ ಸಂಬಂಧಪಟ್ಟಂತೆ ತೋರುವ ಎರಡು ಪಂಕ್ತಿಗಳಿವೆ. ಒಂದನೆಯದು, ಋಣವಿದ್ಯುದಂಶದ ಮಾರ್ಜಕಗಳು ಲೀಟರಿಗೆ ೦.೨ ಮಿಲಿಗ್ರಾಮನ್ನು ಮೀರಬಾರದೆಂಬುದು. ಎರಡನೆಯದು, ಫೀನಾಲ್ ವರ್ಗದ ಪದಾರ್ಥಗಳು ಲೀಟರಿಗೆ ೦.೦೦೧ ಮಿಲಿಗ್ರಾಮನ್ನು ಮೀರಬಾರದೆಂಬುದು. ಇವೆರಡೂ ಇರುವಾಗ ನೋನೈಲ್‌ಫೀನಾಲ್ ಎಲ್ಲಿ ತಪ್ಪಿಸಿಕೊಂಡೀತು ಎಂದು ವಾಚಕರು ಕೇಳಬಹುದು. ಎರಡರಿಂದಲೂ ತಪ್ಪಿಸಿಕೊಳ್ಳುತ್ತದೆ. ಅದು ಹೇಗೆಂಬುದನ್ನು ಸ್ವಲ್ಪ ನಿಧಾನವಾಗಿ ನೋಡುವುದು ಯೋಗ್ಯ.

ಮೊದಲನೆಯ ಪರೀಕ್ಷೆಯಲ್ಲಿ ನೀರಿಗೆ ಮೆಥಿಲೀನ್ ನೀಲಿಯೆಂಬ ಬಣ್ಣವನ್ನು ಹಾಕಿ ಕ್ಲೋರೋಫಾರ್ಮಿನೊಡನೆ ಕುಲುಕುತ್ತಾರೆ. ಬಣ್ಣದ ಕಣವು ಧನವಿದ್ಯುದಂಶದ್ದು. ಅದು ತಾನಾಗಿ ನೀರನ್ನು ಬಿಟ್ಟು ಕ್ಲೋರೋಫಾರ್ಮಿಗೆ ಹೋಗುವುದಿಲ್ಲ. ಋಣವಿದ್ಯುದಂಶದ ಮಾರ್ಜಕದ ಕಣವೊಂದು ಜೊತೆಯಾದರೆ ಮಾತ್ರ ಜೋಡಿಯಾಗಿ ಹೋಗುತ್ತದೆ. ಕ್ಲೋರೋಫಾರ್ಮ್ ಎಷ್ಟು ನೀಲಿಯಾಯಿತೋ ಅಷ್ಟು ಮಾರ್ಜಕವಿತ್ತೆಂದು ಲೆಕ್ಕ. ಬಟ್ಟೆಯ ಪುಡಿಗಳಲ್ಲಿರುವ ಸಾಮಾನ್ಯ ಮಾರ್ಜಕಗಳಿಗೆ ಇದು ಸರಿಯಾದ ಪರೀಕ್ಷೆ. ಆದರೆ ನೋನೈಲ್‌ಫೀನಾಲ್ ಕುಲದ ಮಾರ್ಜಕಗಳಿಗೆ ವಿದ್ಯುದಂಶವೇ ಇಲ್ಲವಾದುದರಿಂದ ನೀಲಿಯ ಕಣವು ಅವನ್ನು ಕಂಡೂ ಕಾಣದಂತೆ ಹೋಗುತ್ತದೆ. ಇವಕ್ಕಾಗಿ ಕೋಬಾಲ್ಟ್ ಥಯೋಸೈಯನೇಟಿನ ಪರೀಕ್ಷೆಯೊಂದುಂಟು. ಆದರೆ ಅದು ಉದ್ದವಾದ ಎಥಿಲೀನ್ ಆಕ್ಸೈಡ್ ಸರಪಳಿಯನ್ನು ಹಿಡಿದು ಕೆಲಸ ಮಾಡತಕ್ಕದ್ದು. ಸರಪಳಿ ಕಳಚಿ ಒಂದೆರಡು ಕೊಂಡಿಗಳುಳಿದಾಗ ಹಿಡಿಯುವುದಕ್ಕೆ ಅದಕ್ಕೇನೂ ಸಿಕ್ಕುವುದಿಲ್ಲ. ಹೀಗಾಗಿ ವಿಘಟನೆ ಮುಂದುವರಿದಂತೆ ಪರೀಕ್ಷೆಯ ಬಣ್ಣವು ತಿಳಿಯಾಗುತ್ತ ಹೋಗಿ, ನೀರು ಶುದ್ಧವಾಯಿತೆಂಬ ಭ್ರಾಂತಿಯು ಹುಟ್ಟುತ್ತದೆ.

ಫೀನಾಲಿನ ಪರೀಕ್ಷೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಫೀನಾಲ್ ಎಂದರೆ ಆರು ಇಂಗಾಲಗಳ ಉಂಗುರ, ಅದಕ್ಕೆ ಒಂದೆಡೆ ಆಮ್ಲಜನಕ ಜಲಜನಕಗಳ ಒಂದು ಗುಂಪು. ಅಮಿನೋ ಆಂಟಿಪೈರೀನ್ ಎಂಬ ರಾಸಾಯನಿಕವು ಈ ಉಂಗುರಕ್ಕೆ, ಆ ಗುಂಪಿಗೆ ನೇರ ಎದುರಾದ ಮೂಲೆಯಲ್ಲಿ ಅಂಟಿಕೊಂಡು ಬಣ್ಣವನ್ನು ಕೊಡುತ್ತದೆ. ನೋನೈಲ್‌ಫೀನಾಲಿನಲ್ಲಿ ಒಂಬತ್ತು ಇಂಗಾಲಗಳ ಬಾಲವು ಕುಳಿತಿರುವುದು ಸರಿಯಾಗಿ ಅದೇ ಎದುರುಮೂಲೆಯಲ್ಲಿ. ಪೀಠವು ಮೊದಲೇ ತುಂಬಿರುವುದರಿಂದ ರಾಸಾಯನಿಕಕ್ಕೆ ಸ್ಥಳವಿಲ್ಲ, ಬಣ್ಣವೂ ಬರುವುದಿಲ್ಲ. ಹೆಸರಿನಲ್ಲಿಯೇ ಫೀನಾಲ್ ಎಂಬುದನ್ನು ಹೊತ್ತುಕೊಂಡಿರುವ ಪದಾರ್ಥವು ಫೀನಾಲಿನ ಪರೀಕ್ಷೆಗೆ ಕಾಣದೆ ದಾಟಿಹೋಗುತ್ತದೆ. ಆದಕಾರಣ, ಒಂದು ನೀರಿನ ಮಾದರಿಯು ಈ ಎರಡು ಪಂಕ್ತಿಗಳಲ್ಲಿಯೂ ಉತ್ತೀರ್ಣವಾಯಿತೆಂದರೆ ಅದರಿಂದ ನೋನೈಲ್‌ಫೀನಾಲಿನ ವಿಷಯವಾಗಿ ಏನೂ ತಿಳಿದಂತಾಗಲಿಲ್ಲ. ವರ್ಗವನ್ನು ಅಳೆಯುವ ಪರೀಕ್ಷೆಗಳನ್ನು ಬಿಟ್ಟು, ಆ ಪದಾರ್ಥವನ್ನೇ ಹೆಸರು ಹಿಡಿದು ಹುಡುಕುವ ಮಾರ್ಗಕ್ಕೆ ಹೋಗಬೇಕು.

ಈ ಮಾರ್ಗದಲ್ಲಿ ಹುಡುಕತಕ್ಕವು ಮುಖ್ಯವಾಗಿ ನಾಲ್ಕು: ನೋನೈಲ್‌ಫೀನಾಲ್, ಅದರ ತಮ್ಮನಂತಿರುವ ಆಕ್ಟೈಲ್‌ಫೀನಾಲ್, ಮತ್ತು ಒಂದು ಕೊಂಡಿಯೂ ಎರಡು ಕೊಂಡಿಗಳೂ ಉಳಿದಿರುವ ಎಥಾಕ್ಸಿಲೇಟುಗಳು. ಕೆಲಸವು ಪ್ರಯೋಗಶಾಲೆಯಲ್ಲಲ್ಲ, ನದಿಯ ದಡದಲ್ಲಿಯೇ ಆರಂಭವಾಗುತ್ತದೆ. ಶಿವನಸಮುದ್ರದಲ್ಲಾದರೆ ಮಾದರಿಯನ್ನು ಚುಕ್ಕಿಗಳ ಕೆಳಗಲ್ಲ, ಅಣೆಕಟ್ಟೆಯ ಮೇಲ್ಗಡೆಯಲ್ಲಿ, ನೀರು ಒಂದೇ ಸಮನಾಗಿ ಹರಿಯುವ ಕಡೆ ತೆಗೆಯತಕ್ಕದ್ದು. ಚುಕ್ಕಿಯ ಬುಡದಲ್ಲಿ ನೀರು ನೊರೆಯೊಡನೆ ಬೆರೆತಿರುತ್ತದೆ. ಜಿಡ್ಡನ್ನು ಬಯಸುವ ಪದಾರ್ಥಗಳು ನೊರೆಯಲ್ಲಿಯೂ ಮೇಲ್ಮೈಯ ತೆಳುಪದರದಲ್ಲಿಯೂ ಸಾಂದ್ರವಾಗುವುದರಿಂದ, ಒಂದು ಬೊಗಸೆ ನೊರೆ ಸೀಸೆಗೆ ಬಿದ್ದರೆ ಇಡೀ ನದಿಯ ಲೆಕ್ಕವೇ ಕೆಡುತ್ತದೆ. ಕಂದು ಗಾಜಿನ ಸೀಸೆಯ ಬಾಯನ್ನು ಪ್ರವಾಹಕ್ಕೆದುರಾಗಿ ಹಿಡಿದು, ಮೇಲ್ಮೈಯಿಂದ ಒಂದು ಮೊಳದಷ್ಟು ಕೆಳಗೆ ಮುಳುಗಿಸಿ ಒಂದು ಲೀಟರ್ ನೀರನ್ನು ತುಂಬಬೇಕು. ಸೂಕ್ಷ್ಮಾಣುಗಳ ಕೆಲಸವು ಸೀಸೆಯೊಳಗೂ ಮುಂದುವರಿಯುವುದರಿಂದ, ಗಂಧಕಾಮ್ಲವನ್ನು ಹಾಕಿ ನೀರನ್ನು ಹುಳಿಯಾಗಿಸಿ, ಮಂಜುಗಡ್ಡೆಯಲ್ಲಿಟ್ಟು ಸಾಗಿಸತಕ್ಕದ್ದು. ಹಾಗೆ ಮಾಡದೆ ಮಳವಳ್ಳಿಯಿಂದ ಬೆಂಗಳೂರಿಗೆ ಬೇಸಗೆಯ ಬಿಸಿಲಿನಲ್ಲಿ ತಂದ ಮಾದರಿಯಲ್ಲಿ ಸಿಕ್ಕುವ ಅಂಕಿಯು ನದಿಯದಲ್ಲ, ದಾರಿಯದು.

ಪ್ರಯೋಗಶಾಲೆಯಲ್ಲಿ ಆ ಒಂದು ಲೀಟರ್ ನೀರನ್ನು ಡೈಕ್ಲೋರೋಮೀಥೇನ್ ಎಂಬ ದ್ರಾವಕದೊಡನೆ ಸೇರಿಸಿ ಮಥಿಸುತ್ತಾರೆ. ನೋನೈಲ್‌ಫೀನಾಲ್ ನೀರನ್ನು ಬಿಟ್ಟು ದ್ರಾವಕಕ್ಕೆ ಬರುತ್ತದೆ. ದ್ರಾವಕವನ್ನು ಆವಿಯಾಗಿಸಿ ಅರ್ಧ ಮಿಲಿಲೀಟರಿಗೆ ಇಳಿಸಿದರೆ ಎರಡು ಸಾವಿರ ಪಟ್ಟು ಸಾಂದ್ರೀಕರಣವಾಯಿತು. ಆ ಹನಿಯಲ್ಲಿ ಒಂದು ಮೈಕ್ರೋಲೀಟರನ್ನು ಗ್ಯಾಸ್ ಕ್ರೊಮ್ಯಾಟೋಗ್ರಾಫಿನ ಮೂವತ್ತು ಮೀಟರ್ ಉದ್ದದ, ಕೂದಲಿನಂತಹ ನಳಿಕೆಯೊಳಗೆ ಹೊಗಿಸಿದಾಗ, ಬೇರೆ ಬೇರೆ ಪದಾರ್ಥಗಳು ಬೇರೆ ಬೇರೆ ವೇಳೆಗೆ ಹೊರಬೀಳುತ್ತವೆ. ಹೊರಬಿದ್ದ ಅಣುಗಳನ್ನು ಮಾಸ್ ಸ್ಪೆಕ್ಟ್ರೋಮೀಟರ್ ಇಲೆಕ್ಟ್ರಾನುಗಳಿಂದ ಬಡಿದು ಚೂರುಮಾಡಿ, ಚೂರುಗಳ ಭಾರವನ್ನು ತೂಗುತ್ತದೆ. ನೋನೈಲ್‌ಫೀನಾಲಿನ ಇಡೀ ಅಣುವಿನ ಭಾರ ೨೨೦. ಅದು ಒಡೆದಾಗ ೧೩೫, ೧೪೯ ಮೊದಲಾದ ಭಾರದ ಚೂರುಗಳು ಹೆಚ್ಚಾಗಿ ದೊರೆಯುತ್ತವೆ. ಹೊರಬಿದ್ದ ವೇಳೆ, ಚೂರುಗಳ ಭಾರ, ಅವುಗಳ ಪರಸ್ಪರ ಪ್ರಮಾಣ, ಈ ಮೂರೂ ಹೊಂದಿದಾಗ ಮಾತ್ರ ಪದಾರ್ಥವು ಇದೆಯೆಂದು ಹೇಳತಕ್ಕದ್ದು. ದ್ರಾವಕದೊಡನೆ ಮಥಿಸದೆ, ರಾಳದ ಪುಟ್ಟ ಸ್ತಂಭದ ಮೂಲಕ ನೀರನ್ನು ಹಾಯಿಸಿ, ದ್ರವದ ಕ್ರೊಮ್ಯಾಟೋಗ್ರಾಫಿನಲ್ಲಿ ನೋಡುವ ಮಾರ್ಗವೂ ಬಳಕೆಯಲ್ಲಿದೆ, ತತ್ತ್ವವು ಬೇರೆಯಲ್ಲ.

ಇಲ್ಲಿ ಒಂದು ತೊಡಕುಂಟು. ನೋನೈಲ್‌ಫೀನಾಲ್ ಎಂಬ ಹೆಸರಿನ ಒಂದೇ ಪದಾರ್ಥವು ಲೋಕದಲ್ಲಿಲ್ಲ. ಬಾಲದ ಒಂಬತ್ತು ಇಂಗಾಲಗಳು ಬೇರೆ ಬೇರೆ ರೀತಿಯಲ್ಲಿ ಕವಲೊಡೆಯಬಹುದಾದುದರಿಂದ, ಕಾರ್ಖಾನೆಯಿಂದ ಬರುವುದು ಹತ್ತಾರು ರೂಪಗಳ ಮಿಶ್ರಣ. ಕ್ರೊಮ್ಯಾಟೋಗ್ರಾಫಿನಲ್ಲಿ ಅದು ಒಂಟಿ ಶಿಖರವಾಗಿ ಮೂಡದೆ, ಬೆಟ್ಟದ ಸಾಲಿನಂತೆ ಮೂಡುತ್ತದೆ. ಆ ಸಾಲನ್ನು ಪೂರ್ತಿಯಾಗಿ ಕೂಡಿ ಲೆಕ್ಕ ಹಾಕಬೇಕು. ಕವಲೇ ಇಲ್ಲದ ನೇರ ಬಾಲದ ನೋನೈಲ್‌ಫೀನಾಲನ್ನು ಪ್ರಯೋಗಶಾಲೆಗಾಗಿ ಮಾಡಿ ಮಾರುತ್ತಾರೆ. ಅದು ಮಾರ್ಜಕದ ಮಿಶ್ರಣದಲ್ಲಿ ಇರುವುದಿಲ್ಲವೆನ್ನಬಹುದು. ಅದನ್ನೇ ಪ್ರಮಾಣವಾಗಿಟ್ಟುಕೊಂಡು, ಅದರ ಒಂಟಿ ಶಿಖರವನ್ನೇ ನದಿಯ ನೀರಿನಲ್ಲಿ ಹುಡುಕಿದವನು ಕಲುಷಿತವಾದ ನೀರಿನಲ್ಲಿಯೂ ಏನನ್ನೂ ಕಾಣದೆ ತೃಪ್ತಿಯಿಂದ ಹಿಂದಿರುಗುತ್ತಾನೆ. ಹೆಸರು ಒಂದೇ ಆಗಿರುವುದರಿಂದ ಈ ಪ್ರಮಾದವು ಎಲ್ಲೆಲ್ಲಿಯೂ ನಡೆಯತಕ್ಕದ್ದಾಗಿದೆ. ಯಾವುದೇ ವರದಿಯನ್ನು ಓದುವಾಗ ಮೊದಲು ಕೇಳಬೇಕಾದ ಪ್ರಶ್ನೆ, ಕವಲಿನ ಮಿಶ್ರಣವನ್ನು ಅಳೆದರೋ ನೇರ ರೂಪವನ್ನು ಅಳೆದರೋ ಎಂಬುದು.

ಆದರೆ ಅದೇ ನೇರ ರೂಪಕ್ಕೆ ಯೋಗ್ಯವಾದ ಇನ್ನೊಂದು ಉಪಯೋಗವಿದೆ. ನದಿಯಲ್ಲಿ ಅದು ಇಲ್ಲದಿರುವುದರಿಂದಲೇ, ಗೊತ್ತಾದಷ್ಟನ್ನು ಮಾದರಿಗೆ ಮೊದಲೇ ಬೆರೆಸಿ ಕೊನೆಯಲ್ಲಿ ಎಷ್ಟು ದೊರೆಯಿತೆಂದು ನೋಡಿದರೆ, ನಡುವೆ ಎಷ್ಟು ಸೋರಿಹೋಯಿತೆಂಬುದು ತಿಳಿಯುತ್ತದೆ. ಒಂದು ಮೈಕ್ರೋಗ್ರಾಮ್ ಹಾಕಿದ್ದು ಮುಕ್ಕಾಲು ದೊರೆತರೆ, ನಮ್ಮ ಕೈಚಳಕವು ನೂರಕ್ಕೆ ಎಪ್ಪತ್ತೈದರಷ್ಟು ಎಂದರ್ಥ. ಇಂಗಾಲದ ಭಾರವಾದ ಐಸೋಟೋಪಿನಿಂದ ಗುರುತು ಮಾಡಿದ ನೋನೈಲ್‌ಫೀನಾಲ್ ದೊರೆತರೆ ಇನ್ನೂ ಒಳ್ಳೆಯದು. ಆದರೆ ಬೆಲೆ ಹೆಚ್ಚು.

ಪ್ರಮಾಣಗಳು ಎಷ್ಟು ಸೂಕ್ಷ್ಮವೆಂಬುದನ್ನು ಒಂದು ಲೆಕ್ಕದಿಂದ ಗ್ರಹಿಸಬಹುದು. ಯೂರೋಪಿನ ಒಕ್ಕೂಟವು ೨೦೦೮ರಲ್ಲಿ ನದಿಗಳಿಗೆ ನಿಗದಿಮಾಡಿದ ನೋನೈಲ್‌ಫೀನಾಲಿನ ವಾರ್ಷಿಕ ಸರಾಸರಿ ಮಿತಿಯು ಲೀಟರಿಗೆ ೦.೩ ಮೈಕ್ರೋಗ್ರಾಮ್; ಯಾವ ಕಾಲದಲ್ಲಿಯೂ ೨ ಮೈಕ್ರೋಗ್ರಾಮನ್ನು ಮೀರಕೂಡದು. ಶಿವನಸಮುದ್ರದಿಂದ ನಾಲ್ಕನೆಯ ಘಟ್ಟದ ಎರಡನೆಯ ಹಂತಕ್ಕೆ ಏರುವ ೫೦ ಕೋಟಿ ಲೀಟರ್ ನೀರು ಸರಿಯಾಗಿ ಈ ಮಿತಿಯಲ್ಲಿದೆಯೆಂದು ಭಾವಿಸಿದರೆ, ಅಷ್ಟು ನೀರಿನಲ್ಲಿ ಒಟ್ಟು ಇರುವ ನೋನೈಲ್‌ಫೀನಾಲಿನ ತೂಕವು ೧೫೦ ಗ್ರಾಮ್. ಒಂದು ಸಾಬೂನಿನ ಬಿಲ್ಲೆಯಷ್ಟು. ಇಂತಹ ನೀರಿನ ಒಂದು ಲೀಟರನ್ನು ಅರ್ಧ ಮಿಲಿಲೀಟರಿಗೆ ಇಳಿಸಿ ಒಂದು ಮೈಕ್ರೋಲೀಟರನ್ನು ಯಂತ್ರಕ್ಕೆ ಕೊಟ್ಟರೆ, ಯಂತ್ರವು ನೋಡತಕ್ಕದ್ದು ಒಂದು ಗ್ರಾಮಿನ ನೂರು ಕೋಟಿಯ ಒಂದು ಪಾಲಿಗಿಂತಲೂ ಕಡಮೆ. ಈಗಿನ ಯಂತ್ರಗಳು ಅದನ್ನು ನೋಡಬಲ್ಲವು. ಕಷ್ಟವಿರುವುದು ಯಂತ್ರದಲ್ಲಲ್ಲ, ನಮ್ಮ ಕೈಯಲ್ಲಿ. ಬಾಸ್ಟನ್ನಿನ ನಳಿಕೆಗಳ ವೃತ್ತಾಂತವನ್ನು ನೆನೆಯಬೇಕು: ಪ್ಲಾಸ್ಟಿಕ್ ನಳಿಕೆ, ರಬ್ಬರಿನ ಕೈಚೀಲ, ಮುಚ್ಚಳದ ಒಳಪದರ, ಕಡೆಗೆ ಗಾಜನ್ನು ತೊಳೆಯುವ ಮಾರ್ಜಕದಲ್ಲಿಯೇ ಹುಡುಕುವ ಪದಾರ್ಥವು ಇರಬಹುದು. ಗಾಜನ್ನು ದ್ರಾವಕದಿಂದ ತೊಳೆದು ಕುಲುಮೆಯಲ್ಲಿ ಕಾಯಿಸಬೇಕು. ಶುದ್ಧಜಲವನ್ನು ತುಂಬಿದ ಸೀಸೆಯೊಂದನ್ನು ನದಿಯವರೆಗೆ ಕೊಂಡುಹೋಗಿ, ಅಲ್ಲಿ ಬಾಯಿ ತೆರೆದು ಮುಚ್ಚಿ ಹಿಂದಕ್ಕೆ ತಂದು, ನದಿಯ ನೀರಿನಂತೆಯೇ ಪರೀಕ್ಷಿಸಬೇಕು. ಈ ಬರಿಯ ಸೀಸೆಯ ಅಂಕಿಯನ್ನು ಕೊಡದ ವರದಿಯಲ್ಲಿ ಮಿಕ್ಕ ಅಂಕಿಗಳೆಷ್ಟಿದ್ದರೂ ನಂಬುವುದು ಕಷ್ಟ.

ಮಳೆಗಾಲದ ಕಾವೇರಿಯು ಇನ್ನೊಂದು ಪ್ರಶ್ನೆಯನ್ನು ಒಡ್ಡುತ್ತದೆ. ಆಗ ನೀರು ಕೆಂಪಾಗಿ ಮಣ್ಣಿನಿಂದ ತುಂಬಿರುತ್ತದೆ. ನೋನೈಲ್‌ಫೀನಾಲ್ ನೀರಿಗಿಂತ ಜೈವಿಕ ದ್ರವ್ಯವನ್ನು ಸಾವಿರಾರು ಪಟ್ಟು ಹೆಚ್ಚಾಗಿ ಬಯಸುವುದರಿಂದ, ಅದರ ದೊಡ್ಡ ಭಾಗವು ಮಣ್ಣಿನ ಕಣಗಳಿಗೆ ಅಂಟಿಕೊಂಡೇ ಸಾಗುತ್ತದೆ. ಮೊದಲೇ ಸೋಸಿದರೆ ಆ ಭಾಗವೆಲ್ಲ ಸೋಸುಕಾಗದದಲ್ಲಿ ಉಳಿಯಿತು. ಸೋಸದಿದ್ದರೆ ಪ್ರವಾಹದ ದಿನದ ಅಂಕಿಗೂ ತಿಳಿನೀರಿನ ದಿನದ ಅಂಕಿಗೂ ಹೋಲಿಕೆಯಿಲ್ಲ. ಕುಡಿಯುವ ನೀರಿನ ದೃಷ್ಟಿಯಿಂದ ಕರಗಿದ ಭಾಗವು ಮುಖ್ಯವಾದದ್ದು. ಏಕೆಂದರೆ ಮಣ್ಣನ್ನು ಪಟಿಕ ಮತ್ತು ಮರಳಿನ ಸೋಸುವಿಕೆಗಳು ಹೇಗೂ ತೆಗೆಯುತ್ತವೆ, ಕರಗಿದ್ದನ್ನು ಪೂರ್ತಿಯಾಗಿ ತೆಗೆಯಲಾರವು. ಮಡುವಿನ ತಳದಲ್ಲಿ ಮೇಯುವ ಮೀನಿನ ದೃಷ್ಟಿಯಿಂದ ಮಣ್ಣಿನ ಭಾಗವೇ ಮುಖ್ಯ. ಎರಡನ್ನೂ ಬೇರೆ ಬೇರೆಯಾಗಿ ಅಳೆದು ಬೇರೆ ಬೇರೆಯಾಗಿ ಬರೆಯುವುದೊಂದೇ ಸರಿಯಾದ ದಾರಿಯೆಂದು ನಮಗೆ ತೋರುತ್ತದೆ. ಕಾಲದ ವಿಷಯದಲ್ಲಿಯೂ ಎಚ್ಚರವಿರಬೇಕು. ಶಿವನಸಮುದ್ರದ ಹರಿವನ್ನು ಈಗ ನಿರ್ಧರಿಸುವುದು ಮಳೆಯೊಂದೇ ಅಲ್ಲ. ಕೃಷ್ಣರಾಜಸಾಗರ ಮತ್ತು ಕಬಿನಿಯ ತೂಬುಗಳೂ ಹೌದು. ತೂಬು ಮುಚ್ಚಿದ ಬೇಸಗೆಯಲ್ಲಿ ಅದೇ ಕೊಳಚೆಯು ಕಡಮೆ ನೀರಿಗೆ ಬಿದ್ದು ಸಾಂದ್ರವಾಗುತ್ತದೆ. ಆದುದರಿಂದ ಪ್ರತಿ ಅಂಕಿಯ ಪಕ್ಕದಲ್ಲಿ ಅಂದಿನ ಹರಿವನ್ನು ಬರೆಯದಿದ್ದರೆ ವರ್ಷದ ಮೊತ್ತವನ್ನು ಕಟ್ಟಲಾಗುವುದಿಲ್ಲ.

ಕಾವೇರಿಯ ನೀರಿನಲ್ಲಿ ಈ ಪರೀಕ್ಷೆಯು ಆಗದ ಮಾತೆಂದು ಯಾರೂ ತಿಳಿಯಬೇಕಾಗಿಲ್ಲ. ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದ ಸಂಶೋಧಕರು ತಮಿಳುನಾಡಿನ ಕಾವೇರಿ, ವೆಳ್ಳಾರು, ತಾಮ್ರಪರ್ಣಿ ನದಿಗಳ ನೀರನ್ನು ಮೇಲೆ ಹೇಳಿದ ಗ್ಯಾಸ್ ಕ್ರೊಮ್ಯಾಟೋಗ್ರಾಫಿನ ವಿಧಾನದಿಂದಲೇ ಪೃಥಕ್ಕರಿಸಿ, ಫೀನಾಲ್ ಕುಲದ ಈ ಶೇಷಗಳಿಂದ ಜಲಚರಗಳಿಗಿರುವ ಅಪಾಯವನ್ನು ೨೦೧೪ರಲ್ಲಿ ಪ್ರಕಟಿಸಿದ್ದಾರೆ. ನದಿಯು ಒಂದೇ, ಬಿಳಿಗುಂಡ್ಲುವಿನಲ್ಲಿ ರಾಜ್ಯದ ಎಲ್ಲೆಯನ್ನು ದಾಟುವ ನೀರಿನ ಮೊತ್ತವನ್ನು ಪ್ರತಿದಿನವೂ ಅಳೆದು ಬರೆಯುವ ಏರ್ಪಾಡು ಮ್ಯಾಜಿಸ್ಟ್ರೇಟರ ದಫ್ತರದಷ್ಟು ಕಟ್ಟುನಿಟ್ಟಾಗಿ ನಡೆಯುತ್ತಿದೆ. ಆ ನೀರಿನೊಡನೆ ಏನೇನು ದಾಟುತ್ತದೆಂಬ ಲೆಕ್ಕವೂ ಅದರ ಪಕ್ಕದಲ್ಲಿರುವುದು ಅನುಚಿತವಲ್ಲ. ಮೂರು ಸ್ಥಳಗಳು ಸಾಕು: ನಗರಕ್ಕೆ ನೀರು ತಿರುಗುವ ಶಿವ ಅಣೆಕಟ್ಟೆ, ಕಾವೇರಿಯನ್ನು ಕೂಡುವುದಕ್ಕೆ ಮೊದಲಿನ ಅರ್ಕಾವತಿ, ಎರಡೂ ಚೆನ್ನಾಗಿ ಬೆರೆತಾದ ಮೇಲೆ, ಮೇಕೆದಾಟುವಿನ ಕೆಳಗಿನ ಒಂದು ಮಡು. ಮೂರರಲ್ಲಿಯೂ ನೀರನ್ನು ವರ್ಷಕ್ಕೆ ನಾಲ್ಕು ಸಲವೂ, ತಳದ ಮಣ್ಣನ್ನು ಬೇಸಗೆಯ ಕೊನೆಯಲ್ಲಿ ಒಂದು ಸಲವೂ ತೆಗೆದರೆ ಮೊದಲನೆಯ ಚಿತ್ರವು ದೊರೆಯುತ್ತದೆ.

ಯೂರೋಪಿನ ಒಕ್ಕೂಟವು ಶುಚಿಮಾಡುವ ಪದಾರ್ಥಗಳಲ್ಲಿ ನೋನೈಲ್‌ಫೀನಾಲನ್ನೂ ಅದರ ಎಥಾಕ್ಸಿಲೇಟುಗಳನ್ನೂ ನೂರಕ್ಕೆ ೦.೧ಕ್ಕಿಂತ ಹೆಚ್ಚಾಗಿ ಸೇರಿಸಬಾರದೆಂದು ೨೦೦೩ರಲ್ಲಿ ನಿಯಮ ಮಾಡಿತು. ೨೦೨೨ರಲ್ಲಿ ಅದನ್ನು ಕುಡಿಯುವ ನೀರಿನಲ್ಲಿ ಕಣ್ಣಿಡಬೇಕಾದ ಪದಾರ್ಥಗಳ ಪಟ್ಟಿಗೂ ಸೇರಿಸಿ, ಲೀಟರಿಗೆ ೩೦೦ ನ್ಯಾನೋಗ್ರಾಮನ್ನು ಮಾರ್ಗದರ್ಶಕ ಮೊತ್ತವಾಗಿ ಇಟ್ಟಿತು. ಇದು ಮೇಲೆ ಹೇಳಿದ ೦.೩ ಮೈಕ್ರೋಗ್ರಾಮೇ ಆಗಿದೆ. ಅಮೆರಿಕದವರು ೨೦೦೫ರಲ್ಲಿ ಸಿಹಿನೀರಿನ ಜೀವಿಗಳ ದೀರ್ಘಕಾಲದ ಕ್ಷೇಮಕ್ಕಾಗಿ ಸೂಚಿಸಿದ ಮಿತಿಯು ೬.೬ ಮೈಕ್ರೋಗ್ರಾಮ್, ಎಂದರೆ ಯೂರೋಪಿನದಕ್ಕಿಂತ ಇಪ್ಪತ್ತು ಪಟ್ಟಿಗೂ ಮಿಗಿಲು. ಮಿತಿಗಳಲ್ಲಿ ಇಷ್ಟು ಅಂತರವಿರುವಾಗ ನಮ್ಮ ಅಳತೆಯು ಎರಡರಲ್ಲಿ ಕಠಿಣವಾದುದನ್ನು ಮುಟ್ಟಬಲ್ಲದ್ದಾಗಿರಬೇಕು. ೫ ಮೈಕ್ರೋಗ್ರಾಮಿಗಿಂತ ಕೆಳಗೆ ಕಾಣದ ಯಂತ್ರದಿಂದ ಪರೀಕ್ಷಿಸಿ, ಶಿವನಸಮುದ್ರದ ನೀರಿನಲ್ಲಿ ಈ ಪದಾರ್ಥವಿಲ್ಲವೆಂದು ಬರೆದರೆ ಆ ವಾಕ್ಯವು ಅಮೆರಿಕದ ಮಿತಿಗೆ ಉತ್ತರವಾದೀತು, ಯೂರೋಪಿನ ಮಿತಿಗೆ ಆಗದು. ಆದಕಾರಣ ವರದಿಯಲ್ಲಿ ‘ಇಲ್ಲ’ ಎಂಬ ಶಬ್ದವನ್ನು ಬಿಟ್ಟು, ‘ಲೀಟರಿಗೆ ಇಷ್ಟು ಮೈಕ್ರೋಗ್ರಾಮಿಗಿಂತ ಕಡಮೆ’ ಎಂದು, ಆ ಇಷ್ಟು ಎಷ್ಟೆಂಬುದನ್ನು ಅಂಕಿಯಲ್ಲಿ ಬರೆಯುವ ಪದ್ಧತಿಯನ್ನು ಇಟ್ಟುಕೊಳ್ಳತಕ್ಕದ್ದು.